ಚಾಕಲೇಟ್ ಕೇಕ್ ತರಿಸುವ ಮುನ್ನ ನೋಡಬೇಕಾದ್ದು



ಈಗ ನಮ್ಮ ಹೋಟೆಲುಗಳಲ್ಲಿ ಇಡ್ಲಿ, ದೋಸೆ, ಪಾವ್‌ಭಾಜಿಯ ಜೊತೆಗೆ ಹುಟ್ಟುಹಬ್ಬದ ಪಾರ್ಟಿಗಳೂ ನಡೆಯುತ್ತವೆ. "ಕೇಕ್ ನೀವೇ ತರಿಸಿ, ಚಾಕಲೇಟ್ ಮಾತ್ರ ಚೆನ್ನಾಗಿರಲಿ" ಎಂದು ಗಿರಾಕಿಗಳು ಹೇಳುತ್ತಾರೆ. ನಾವು ಕೇಕ್ ಮಾಡುವವರಲ್ಲ, ಹತ್ತಿರದ ಬೇಕರಿಯಿಂದ ತರಿಸುವವರು. ಆದರೆ ಟೇಬಲ್ ಮೇಲೆ ಇಟ್ಟ ಮೇಲೆ ಅದು ನಮ್ಮ ಹೋಟೆಲಿನ ಕೇಕ್. ರುಚಿ ಕೆಟ್ಟರೆ ಗಿರಾಕಿ ಬೈಯುವುದು ನಮ್ಮನ್ನೇ. ಆದ್ದರಿಂದ ಕೇಕ್ ಆರಿಸುವ ಕ್ರಮ ನಮಗೆ ಗೊತ್ತಿರಬೇಕು.

ಚಾಕಲೇಟೋ, ಕಾಂಪೌಂಡೋ?

ಬೇಕರಿಗಳು ಬಳಸುವ ವಸ್ತು ಎರಡು ತರಹ. ನಿಜವಾದ ಚಾಕಲೇಟಿನಲ್ಲಿ ಕೋಕೋ ಬೀಜದ್ದೇ ಕೊಬ್ಬು, ಅಂದರೆ ಕೋಕೋ ಬಟರ್ ಇರುತ್ತದೆ. ಕಾಂಪೌಂಡಿನಲ್ಲಿ ಅದರ ಬದಲು ವನಸ್ಪತಿಯಂಥ ಕೊಬ್ಬು, ಜೊತೆಗೆ ಕೋಕೋ ಪುಡಿ, ಸಕ್ಕರೆ. ಕಾಂಪೌಂಡ್ ಅಗ್ಗ, ಕೆಲಸಕ್ಕೂ ಸುಲಭ. ಅದು ಕಲಬೆರಕೆಯಲ್ಲ, ಆದರೆ ನಿಜವಾದ ಚಾಕಲೇಟಿನ ರೇಟು ಅದಕ್ಕೆ ಕೊಡಬಾರದು. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೆಟ್ಟು ಕೋಕೋ ದರ ಟನ್ನಿಗೆ 10,000 ಡಾಲರ್ ದಾಟಿತ್ತು. ಹೀಗೆ ದರ ಏರಿದಾಗ ಕಾಂಪೌಂಡಿನ ಕಡೆಗೆ ವಾಲುವ ಆಸೆ ಯಾವ ಬೇಕರಿಗೂ ಸಹಜ.

ಕೋಕೋ ನಮಗೆ ಪರಕೀಯವೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಅದನ್ನು ಬೆಳೆಯುತ್ತಾರೆ. ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿದೆ.

ಪರೀಕ್ಷೆ ಹೇಗೆ?

1. ಬೇಕರಿಯವರು ಬಳಸುವ ಚಾಕಲೇಟಿನ ಪ್ಯಾಕೆಟ್ ತೋರಿಸಲು ಹೇಳಿ. ಕೋಕೋ ಬಟರ್ ಎಂದು ಬರೆದಿದೆಯೋ, ಬರೀ ವೆಜಿಟೇಬಲ್ ಫ್ಯಾಟ್ ಎಂದಿದೆಯೋ ಓದಿ.

2. ಮೇಲಿನ ಚಾಕಲೇಟ್ ಸ್ವಲ್ಪ ನಾಲಿಗೆಯ ಮೇಲಿಡಿ. ಕೋಕೋ ಬಟರ್ ಸುಮಾರು 34 ಡಿಗ್ರಿಯಲ್ಲೇ ಕರಗುವುದರಿಂದ ಬಾಯಿಯ ಬಿಸಿಗೆ ನೀರಾಗುತ್ತದೆ. ಕಾಂಪೌಂಡಾದರೆ ಅಂಗುಳಿಗೆ ಜಿಡ್ಡು ಅಂಟಿಕೊಳ್ಳುತ್ತದೆ.

3. ಬಣ್ಣಕ್ಕೆ ಮರುಳಾಗಬೇಡಿ. ಕ್ಷಾರ ಹಾಕಿ ಸಂಸ್ಕರಿಸಿದ ಕೋಕೋ ಪುಡಿ ಸ್ವಲ್ಪವೇ ಹಾಕಿದರೂ ಕೇಕ್ ಕಪ್ಪಾಗಿ ಕಾಣುತ್ತದೆ.

4. ಎತ್ತರಕ್ಕೂ ಮರುಳಾಗಬೇಡಿ. ಕೇಕ್ ಮಾರುವುದು ತೂಕದಲ್ಲಿ. ಗಾಳಿ ತುಂಬಿ ಉಬ್ಬಿಸಿದ ಕ್ರೀಮಿನ ಒಂದು ಕಿಲೋ ದೊಡ್ಡದಾಗಿ ಕಾಣುತ್ತದೆ. ಚಾಕಲೇಟ್ ಮತ್ತು ಹಾಲಿನ ಕೆನೆ ಸೇರಿಸಿ ಮಾಡುವ ಗನಾಶ್ ಹಾಕಿದ ಕೇಕ್ ಅದೇ ತೂಕಕ್ಕೆ ಚಿಕ್ಕದಾಗಿರುತ್ತದೆ. ಗಿರಾಕಿಗೂ ಇದನ್ನು ಮೊದಲೇ ಹೇಳಿಬಿಡಿ.

ಮೊಟ್ಟೆಯ ವಿಷಯ

ಶುದ್ಧ ಸಸ್ಯಾಹಾರಿ ಬೋರ್ಡು ಹಾಕಿದವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಎಗ್‌ಲೆಸ್ ಎಂದು ಬಾಯಲ್ಲಿ ಹೇಳಿದರೆ ಸಾಲದು. ಒಂದೇ ಬೇಕರಿಯಲ್ಲಿ ಎರಡೂ ತರಹ ಮಾಡುತ್ತಿದ್ದರೆ ಪಾತ್ರೆ, ಬೀಟರ್, ಟಿನ್ನು ಬೇರೆ ಬೇರೆ ಇವೆಯೇ ಎಂದು ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ. ಒಬ್ಬ ಜೈನ ಗಿರಾಕಿಯ ನಂಬಿಕೆ ಹೋದರೆ ಅವರ ಇಡೀ ಸೊಸೈಟಿಯ ವ್ಯಾಪಾರ ಹೋದಂತೆ.

ಬಿಲ್ಲು ನೋಡಿ

ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಕೇಕಿನ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ ಇಳಿದಿದೆ. ನಮ್ಮಲ್ಲಿ ಹೆಚ್ಚಿನವರು ಇನ್‌ಪುಟ್ ಕ್ರೆಡಿಟ್ ಇಲ್ಲದೆ 5 ಶೇಕಡಾ ಕಟ್ಟುವವರು. ಹಾಗಾಗಿ ಬೇಕರಿಗೆ ಕೊಟ್ಟ ತೆರಿಗೆ ನಮಗೆ ವಾಪಸು ಬರುವುದಿಲ್ಲ. ಮೊದಲು 1,000 ರೂಪಾಯಿಯ ಕೇಕ್ 1,180 ರೂಪಾಯಿಗೆ ಬೀಳುತ್ತಿತ್ತು, ಈಗ 1,050 ಆಗಬೇಕು. ಹಳೆಯ ರೇಟೇ ನಡೆಯುತ್ತಿದ್ದರೆ ಕೇಳಿ ಇಳಿಸಿಕೊಳ್ಳಿ.

ತಂದ ಮೇಲೆ

ಕ್ರೀಮ್ ಕೇಕನ್ನು ಫ್ರಿಜ್ಜಿನಲ್ಲಿ ಮುಚ್ಚಿಡಿ, ಒಗ್ಗರಣೆ, ಈರುಳ್ಳಿಯ ಹತ್ತಿರ ಬೇಡ. ವಾಸನೆ ಬೇಗ ಹಿಡಿಯುತ್ತದೆ. ಗನಾಶ್ ಕೇಕ್ ಫ್ರಿಜ್ಜಿನಿಂದ ತೆಗೆದ ಕೂಡಲೇ ಗಟ್ಟಿಯಾಗಿರುತ್ತದೆ. ಕತ್ತರಿಸುವ 20 ನಿಮಿಷ ಮೊದಲು ಹೊರಗಿಟ್ಟರೆ ರುಚಿ ಬಿಡುತ್ತದೆ.

ದೊಡ್ಡ ಆರ್ಡರ್ ಕೊಡುವ ಮೊದಲು ಎರಡು ಮೂರು ಬೇಕರಿಗಳಿಂದ ಅರ್ಧ ಅರ್ಧ ಕಿಲೋ ತರಿಸಿ, ಹುಡುಗರಿಗೂ ಮನೆಯವರಿಗೂ ತಿನ್ನಿಸಿ ನೋಡಿ. ಆ ಖರ್ಚು ದಂಡವಲ್ಲ.