ಜೇನು ಮತ್ತು ಕಣಜದ ಹುಳುಗಳ ಕುಟುಕು

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯ ಗದ್ದಲದಲ್ಲಿ ಜೇನಿಗೆ ಸ್ಥಳವೆಲ್ಲಿ ಎಂದು ಕೆಲವರು ಕೇಳಬಹುದು. ಹೆಜ್ಜೇನಿಗೆ ಬೇಕಾದುದು ಎತ್ತರ. ಬಂಡೆಗಳಲ್ಲಿಯೂ ಹೆಮ್ಮರಗಳಲ್ಲಿಯೂ ತೂಗುವ ಅದರ ಹುಟ್ಟು, ಬೆಂಗಳೂರಿನಲ್ಲಿ ನೀರಿನ ತೊಟ್ಟಿಗಳ ಅಡಿಯಲ್ಲಿಯೂ ಬಹುಮಹಡಿ ಮನೆಗಳ ಸಜ್ಜೆಗಳಲ್ಲಿಯೂ ತೂಗುತ್ತದೆ. ಆದುದರಿಂದ ಇದರ ಅಪಾಯವನ್ನು ನಗರವಾಸಿಗಳಾದ ನಾವೂ ತಿಳಿದಿರಬೇಕು.

ಈ ಅಪಾಯ ಎರಡು ಬಗೆಯದು. ಮೊದಲನೆಯದು ವಿಷದ ಪ್ರಮಾಣಕ್ಕೆ ಸಂಬಂಧಿಸಿದುದು. ಒಂದೆರಡು ಕುಟುಕಿನಿಂದ ಬಹುಮಂದಿಗೆ ನೋವು, ಊತಗಳಷ್ಟೇ ಆಗುವುವು. ನೂರಾರು ಕುಟುಕುಗಳಾದರೆ ರಕ್ತಕಣಗಳೂ ಮಾಂಸಖಂಡಗಳೂ ಕೆಟ್ಟು, ಮೂತ್ರಪಿಂಡಗಳು ನಿಂತುಹೋಗಬಹುದು. ಈ ಕೇಡು ಕೆಲವು ವೇಳೆ ಮರುದಿನ ತೋರುವುದರಿಂದ, ಅಂಥವರು ಚೆನ್ನಾಗಿರುವಂತೆ ಕಂಡರೂ ಆಸ್ಪತ್ರೆಗೆ ಹೋಗತಕ್ಕದ್ದು.

ಎರಡನೆಯದು ನಮ್ಮ ದೇಹವೇ ತೋರುವ ಅತಿಪ್ರತಿಕ್ರಿಯೆ. ಹಿಂದಿನ ಕುಟುಕಿನಿಂದ ವಿಷದ ಪರಿಚಯವಾದ ಕೆಲವರ ಶರೀರವು, ಮುಂದೆ ಒಂದೇ ಒಂದು ಕುಟುಕಿಗೂ ಭಯಂಕರವಾಗಿ ಕೆರಳುತ್ತದೆ. 1902ರಲ್ಲಿ ಇದನ್ನು ವಿವರಿಸಿ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟವರು ಫ್ರಾನ್ಸಿನ ರಿಷೇ ಮತ್ತು ಪೋರ್ಟಿಯೇ. ರಿಷೇ ಅವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೈಯೆಲ್ಲಾ ದದ್ದು, ತುಟಿ ನಾಲಗೆಗಳ ಊತ, ಉಬ್ಬಸ, ವಾಂತಿ, ತಲೆಸುತ್ತು, ಇವು ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳಬಹುದು. ಇಲ್ಲಿ ಪ್ರಾಣ ಉಳಿಸುವ ಔಷಧ ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ತುರಿಕೆಯ ಮಾತ್ರೆ ಅದರ ಸ್ಥಾನವನ್ನು ತುಂಬಲಾರದು.

ಜೇನಿನ ಕೊಂಡಿಗೆ ಮುಳ್ಳುಗಳಿರುವುದರಿಂದ ಅದು ಚರ್ಮದಲ್ಲಿಯೇ ಉಳಿದು, ವಿಷಚೀಲದಿಂದ ವಿಷವನ್ನು ಒತ್ತುತ್ತಲೇ ಇರುತ್ತದೆ. ಉಗುರಿನಿಂದಲೋ ಚಿಮುಟದಿಂದಲೋ, ಹೇಗಾದರೂ ಸರಿ, ಅದನ್ನು ಒಡನೆಯೇ ತೆಗೆಯಬೇಕು. ಇಲ್ಲಿ ವಿಧಾನಕ್ಕಿಂತ ವೇಗ ಮುಖ್ಯ. ಕಣಜದ ಹುಳುವಾದರೋ ಸಾಮಾನ್ಯವಾಗಿ ಕೊಂಡಿಯನ್ನು ಬಿಡದೆ ಮತ್ತೆ ಮತ್ತೆ ಕುಟುಕಬಲ್ಲುದು.

ಜೇನು ಎದ್ದಾಗ ಕೈ ಬೀಸಕೂಡದು. ಕುಟುಕಿದ ಜೇನು ಹೊರಸೂಸುವ, ಬಾಳೆಹಣ್ಣನ್ನು ನೆನಪಿಸುವ ವಾಸನೆ ಮಿಕ್ಕ ಹುಳುಗಳನ್ನು ಕರೆಯುತ್ತದೆ. ಮುಖ ಮುಚ್ಚಿಕೊಂಡು ಓಡಿ, ಮನೆಯನ್ನೋ ವಾಹನವನ್ನೋ ಹೊಕ್ಕು ಬಾಗಿಲು ಹಾಕಿಕೊಳ್ಳಬೇಕು. ಸಾಧಾರಣ ಊತಕ್ಕೆ ತಣ್ಣೀರ ಬಟ್ಟೆ ಸಾಕು. ಮೇಲೆ ಹೇಳಿದ ಲಕ್ಷಣಗಳು ಕಂಡರೆ ರೋಗಿಯನ್ನು ನಡೆಸದೆ ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಬೇಕು. ತತ್‌ಕ್ಷಣ 108ಕ್ಕೆ ಕರೆಮಾಡತಕ್ಕದ್ದು. ಸುಣ್ಣ ಹಚ್ಚಿ ಗುಣ ನೋಡೋಣವೆಂದು ಕಾಯುವ ಆ ಹೊತ್ತೇ ಪ್ರಾಣಕ್ಕೆ ಎರವಾಗಬಹುದು.