ಜಾಹೀರಾತು ಮತ್ತು ವಕ್ರೋಕ್ತಿ

ಮಾಳವದೇಶದ ದಶಪುರದಲ್ಲಿ, ಎಂದರೆ ಈಗಿನ ಮಧ್ಯಪ್ರದೇಶದ ಮಂದಸೋರಿನಲ್ಲಿ, ರೇಷ್ಮೆ ನೇಯುವವರ ಶ್ರೇಣಿಯೊಂದು ಕ್ರಿ. ಶ. 437ರಲ್ಲಿ ಸೂರ್ಯನಿಗೊಂದು ದೇವಾಲಯವನ್ನು ಕಟ್ಟಿಸಿತು. ಕಾಲಕ್ರಮದಲ್ಲಿ ಅದು ಶಿಥಿಲವಾಗಲು, 473ರಲ್ಲಿ ಅದೇ ಶ್ರೇಣಿಯವರು ಜೀರ್ಣೋದ್ಧಾರ ಮಾಡಿಸಿ ವತ್ಸಭಟ್ಟಿಯೆಂಬ ಕವಿಯಿಂದ ಸಂಸ್ಕೃತದಲ್ಲಿ ಶಾಸನವನ್ನು ರಚಿಸಿ ನಿಲ್ಲಿಸಿದರು. ಊರಿನ ವರ್ಣನೆ, ಅರಸರ ವರ್ಣನೆ, ಋತುವರ್ಣನೆ ಎಲ್ಲವೂ ಅದರಲ್ಲಿ ಯಥಾವಿಧಿಯಾಗಿ ಇವೆ. ನಡುವೆ ಒಂದು ಪದ್ಯ ಮಾತ್ರ ಓದುಗನನ್ನು ತಡೆದು ನಿಲ್ಲಿಸುತ್ತದೆ. ತರುಣಿಯೊಬ್ಬಳು ರೂಪವತಿಯಾಗಿರಬಹುದು, ಚಿನ್ನದ ಹಾರ ಧರಿಸಿರಬಹುದು, ತಾಂಬೂಲ ಪುಷ್ಪಗಳಿಂದ ಅಲಂಕೃತಳಾಗಿರಬಹುದು. ಆದರೂ ರೇಷ್ಮೆಯ ವಸ್ತ್ರದ್ವಯವನ್ನು ಉಡದೆ ಆಕೆ ಪ್ರಿಯನಿದ್ದಲ್ಲಿಗೆ ಹೋಗಲಾರಳು ಎಂಬುದು ಅದರ ಭಾವ. ನೇಕಾರರು ಈ ಪದ್ಯದಲ್ಲಿ ತಮ್ಮ ಸರಕು ಒಳ್ಳೆಯದೆಂದು ಹೇಳಿಕೊಳ್ಳಲಿಲ್ಲ. ಅದಿಲ್ಲದಿದ್ದರೆ ಏನು ನಿಂತುಹೋಗುವುದೆಂದು ಮಾತ್ರ ಹೇಳಿಸಿದರು. ಭಾರತದ ಅತಿ ಪ್ರಾಚೀನ ಜಾಹೀರಾತು ಇದೆಂದು ಕೆಲವರು ಹೇಳುವುದುಂಟು. ದೇವಾಲಯದ ಕಲ್ಲಿನ ಮೇಲೆ ಸರಕಿನ ಪ್ರಶಂಸೆ ಔಚಿತ್ಯವೇ ಎಂದು ಕ್ಷೇಮೇಂದ್ರನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ!

ನೇರವಾಗಿ ಹೇಳಬೇಕಾದುದನ್ನು ನೇರವಾಗಿ ಹೇಳದೆ, ಲೋಕರೂಢಿಯನ್ನು ಮೀರಿದ ಒಂದು ಬಾಗಿನಿಂದ ಹೇಳುವುದನ್ನು ಕುಂತಕನು ವಕ್ರೋಕ್ತಿಯೆಂದು ಕರೆದನು; ಅದೇ ಕಾವ್ಯದ ಜೀವಿತವೆಂದೂ ಸಾರಿದನು. ವಕ್ರವೆಂದ ಮಾತ್ರಕ್ಕೆ ಕುಟಿಲವೆಂದು ಭಾವಿಸಬಾರದು. ಆಧುನಿಕ ಜಾಹೀರಾತಿನವರು ಕುಂತಕನ ಹೆಸರನ್ನು ಕೇಳಿದವರಲ್ಲ. ಆದರೂ ಅವರ ಕಸುಬಿನಲ್ಲಿ ಉತ್ತಮವೆನಿಸಿದುದನ್ನೆಲ್ಲ ತೆಗೆದು ನೋಡಿದರೆ, ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ಮುಖಗಳೇ ಅಲ್ಲಿ ಕಾಣಿಸಿಕೊಳ್ಳುತ್ತವೆ.

ಮೊದಲು ಎರಡು ಶಬ್ದಗಳ ವಿಚಾರ. ಜಾಹೀರಾತು ಎಂಬುದು ಅರಬ್ಬಿಯ ಮೂಲದಿಂದ ಹೊರಟು ಮರಾಠಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಪ್ರಕಟವಾದುದು, ಬಯಲಾದುದು ಎಂಬುದು ಅದರ ಮೂಲಾರ್ಥ. ಬ್ರಾಂಡ್ ಎಂಬ ಇಂಗ್ಲಿಷ್ ಶಬ್ದಕ್ಕೆ ಸುಡುವುದೆಂಬ ಅರ್ಥ ಮೂಲದಲ್ಲಿತ್ತು. ದನಕರುಗಳು ಯಾರವೆಂದು ತಿಳಿಯಲು ಕಾದ ಕಬ್ಬಿಣದಿಂದ ಅವುಗಳ ಮೈಮೇಲೆ ಹಾಕುತ್ತಿದ್ದ ಬರೆಯೇ ಇಂದು ಸರಕಿನ ಮುದ್ರೆಯಾಗಿದೆ. ಮುದ್ರೆಯೆಂದೊಡನೆ ಶರಣರ ಅಂಕಿತಗಳ ನೆನಪಾಗುವುದು ಸಹಜ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ. ಮುದ್ರೆಯನ್ನು ಕೇಳಿದೊಡನೆ ವಚನವು ಯಾರದೆಂದು ತಿಳಿಯುತ್ತದೆ, ಅಷ್ಟರಮಟ್ಟಿಗೆ ಹೋಲಿಕೆಯುಂಟು. ಮುಂದೆ ಹೋಲಿಕೆ ಸಲ್ಲದು. ಶರಣರು ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನಿಟ್ಟರು. ವ್ಯಾಪಾರಿಯ ಮುದ್ರೆ ಇರುವುದೇ ತನ್ನ ಹೆಸರನ್ನು ಮರೆಯದಂತೆ ಮಾಡಲು.

ಕನ್ನಡನಾಡಿನಲ್ಲಿ ಇಂಥ ಮುದ್ರೆಯೊಂದು ಬೇರೂರಿದ ಬಗೆ ಸ್ವಾರಸ್ಯವಾದುದು. ಮೊದಲನೆಯ ಮಹಾಯುದ್ಧ ಪ್ರಾರಂಭವಾದಾಗ ಮೈಸೂರು ಸಂಸ್ಥಾನದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ಕಡಿದ ಮರ ಕೊಳ್ಳುವವರಿಲ್ಲದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಮರವನ್ನು ಹೊರಗೆ ಕಳಿಸುವ ಬದಲು ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸಬಹುದೆಂದು ಆಲ್ಫ್ರೆಡ್ ಚಾಟರ್ಟನ್ನರ ನೇತೃತ್ವದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಮೊದಲಾಯಿತು. ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆಯನ್ನು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ವೇದಶಾಸ್ತ್ರಗಳ ಮನೆತನದ ಹೆಸರುಳ್ಳವರು ಹಿಂದಿರುಗಿ ಬಂದು ‘ಸೋಪ್ ಶಾಸ್ತ್ರಿ’ ಎಂದೇ ಪ್ರಸಿದ್ಧರಾದರು.

ಶಾಸ್ತ್ರಿಗಳು ಮಾಡಿದುದು ಸಾಬೂನನ್ನಷ್ಟೇ ಅಲ್ಲ. ಅದಕ್ಕೆ ಅಂಡಾಕಾರವನ್ನು ಕೊಟ್ಟರು. ಒಡವೆಯಂಗಡಿಯಲ್ಲಿ ನಗವನ್ನು ಸುತ್ತಿಕೊಡುವಂತಹ ತೆಳುಕಾಗದದಲ್ಲಿ ಸುತ್ತಿ, ಒಡವೆಯ ಪೆಟ್ಟಿಗೆಯಂತಹ ಹೂಚಿತ್ತಾರದ ಪೆಟ್ಟಿಗೆಯಲ್ಲಿಟ್ಟರು. ಸ್ನಾನದ ಮನೆಯ ವಸ್ತುವು ಆಭರಣದ ವೇಷದಲ್ಲಿ ಅಂಗಡಿಗೆ ಬಂದಿತು. ಇದು ರೂಪಕವಲ್ಲದೆ ಮತ್ತೇನು? ಅಕ್ಷರವಿಲ್ಲದೆ ಹೇಳಿದ ರೂಪಕ. ಲಾಂಛನವಾಗಿ ಶರಭವನ್ನು ಆರಿಸಿದರು. ಆನೆಯ ತಲೆ, ಸಿಂಹದ ಮೈ. ಪುರಾಣದ ಶರಭಕ್ಕೆ ಎಂಟು ಕಾಲುಗಳೆಂದೂ ಪೆಟ್ಟಿಗೆಯ ಮೇಲಿರುವುದು ವಸ್ತುತಃ ಗಜಕೇಸರಿಯೆಂದೂ ಪಂಡಿತರು ತಕರಾರು ತೆಗೆಯಬಹುದು. ತೆಗೆದರೂ ಹೆಂಗಸರು ಮಕ್ಕಳು ಆ ಪೆಟ್ಟಿಗೆಯನ್ನು ದೂರದಿಂದಲೇ ಗುರುತಿಸುವುದು ತಪ್ಪಲಿಲ್ಲ. ಪ್ರಚಾರಕ್ಕೆ ಆ ಕಾಲದಲ್ಲಿ ಬಳಸಿದ ಉಪಾಯಗಳೂ ಸಾಮಾನ್ಯವಲ್ಲ. ಟ್ರಾಮ್ ಗಾಡಿಯ ಟಿಕೆಟ್ಟುಗಳ ಮೇಲೆ ಸಾಬೂನಿನ ಚಿತ್ರ, ಬೆಂಕಿಪೊಟ್ಟಣಗಳ ಮೇಲೆ ಚಿತ್ರ. ಇನ್ನೂ ಅವಿಭಕ್ತವಾಗಿದ್ದ ಭಾರತದ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ನಡೆಸಿದರು. ಮಲೆನಾಡಿನ ಗಂಧ ಮರುಭೂಮಿಯ ವಾಹನವನ್ನೇರಿ ಸಿಂಧೂದೇಶದ ಬೀದಿಯಲ್ಲಿ ಹೊರಟ ಆ ದೃಶ್ಯವನ್ನು ಕಂಡವರು ಮನೆಗೆ ಹೋಗಿ ಹೇಳದೆ ಇದ್ದಿರಲಾರರು. ಕಂಡವನೇ ನಾಲ್ವರಿಗೆ ಹೇಳುವಂತೆ ಮಾಡುವುದು ಅಸಾಂಪ್ರದಾಯಿಕವೆನ್ನುವ ಇಂದಿನ ಪ್ರಚಾರತಂತ್ರಗಳಿಗೆಲ್ಲ ಮೂಲಸೂತ್ರ. 1980ರಲ್ಲಿ ಕಾರ್ಖಾನೆಯು ಸರ್ಕಾರಿ ಕಂಪನಿಯ ರೂಪ ತಾಳಿತು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. 2025ರಲ್ಲಿ ಹೊರನಾಡಿನ ಚಿತ್ರನಟಿಯೊಬ್ಬರನ್ನು ಪ್ರಚಾರಕ್ಕೆ ನೇಮಿಸಿದಾಗ ಕನ್ನಡಿಗರು ಅದನ್ನು ವಿರೋಧಿಸಿ ಬಹಳ ಮಾತನಾಡಿದರು. ನಟಿಯ ಯೋಗ್ಯತೆಯ ಪ್ರಶ್ನೆ ಅದಾಗಿರಲಿಲ್ಲ. ನೂರು ವರ್ಷಗಳ ಗಂಧಕ್ಕೆ ಎರವಲು ಮುಖವೇಕೆ ಎಂಬುದು ಜನರ ಅಳಲಾಗಿತ್ತು. ಅಳಲು ಅಕಾರಣವೆಂದು ತೋರುವುದಿಲ್ಲ.

ಇನ್ನು ಅಮೆರಿಕದ ಕಥೆ. ಅಲ್ಲಿ 1950ರ ದಶಕದಲ್ಲಿ ಕಾರೆಂದರೆ ದೋಣಿಯಷ್ಟು ಉದ್ದವಿರಬೇಕು, ಹೊಳೆಯಬೇಕು. ಜಾಹೀರಾತೆಂದರೆ ಅದರ ಸುತ್ತ ಸುಖೀ ಸಂಸಾರ ನಗುತ್ತಿರಬೇಕು. ಫೋಕ್ಸ್‌ವ್ಯಾಗನ್ ಕಂಪನಿಯ ಕಾರು ಗಿಡ್ಡ, ಗುಂಡು, ಜೀರುಂಡೆಯ ಹಾಗೆ. ಸಾಲದುದಕ್ಕೆ ಅದು ಹಿಟ್ಲರನ ಕಾಲದಲ್ಲಿ ಹುಟ್ಟಿದ ಜರ್ಮನಿಯ ಕಾರು. ಯುದ್ಧ ಮುಗಿದು ಇನ್ನೂ ಹದಿನೈದು ವರ್ಷಗಳಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ಅದರ ಪ್ರಚಾರದ ಹೊಣೆಯನ್ನು 1959ರಲ್ಲಿ ಹೊತ್ತ ಸಂಸ್ಥೆಯ ಮುಖ್ಯಸ್ಥ ಬಿಲ್ ಬರ್ನ್‌ಬಾಕ್ ಯೆಹೂದಿ. ಅವರ ಚಿತ್ರಕಾರ ಹೆಲ್ಮುಟ್ ಕ್ರೋನ್, ಬರೆಹಗಾರ ಜೂಲಿಯನ್ ಕೋನಿಗ್. ಪುಟದ ಬಹುಭಾಗವನ್ನು ಬರಿದೇ ಬಿಟ್ಟು, ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಾರಿನ ಚಿತ್ರವನ್ನಿಟ್ಟು, ಕೆಳಗೆ ‘ಸಣ್ಣದಾಗಿ ಯೋಚಿಸಿ’ ಎಂಬರ್ಥದ ಎರಡು ಪದಗಳನ್ನು ಅಚ್ಚುಮಾಡಿದರು. ಕೊಂಡುಕೊಂಡ ಪುಟವನ್ನು ಖಾಲಿ ಬಿಡುವುದೆಂದರೆ ವ್ಯಾಪಾರಿಗೆ ಎದೆ ಒಡೆಯುವ ಮಾತು. ಆದರೆ ಎಲ್ಲರೂ ಕೂಗುವ ಸಂತೆಯಲ್ಲಿ ಮೌನವಾಗಿ ಕುಳಿತವನ ಕಡೆಗೇ ಜನ ತಿರುಗಿದರು.

ಅದಕ್ಕಿಂತಲೂ ವಿಸ್ತಾರವಾಗಿ ನೋಡತಕ್ಕದ್ದು ಮರುವರ್ಷದ ಇನ್ನೊಂದು ಜಾಹೀರಾತು. ಮೇಲೆ ಕಾರಿನ ಚಿತ್ರ, ಕೆಳಗೆ ‘ಲೆಮನ್’ ಎಂಬ ಒಂದೇ ಪದ. ನಿಂಬೆಹಣ್ಣೆಂದರೆ ಅಮೆರಿಕದ ಆಡುನುಡಿಯಲ್ಲಿ ಕೆಟ್ಟ ಸರಕು, ಕೊಂಡವನಿಗೆ ಮೋಸವಾದ ವಸ್ತು. ತನ್ನ ಕಾರನ್ನು ತಾನೇ ಹೀಗೆ ಹಳಿದುಕೊಂಡುದು ಏಕೆಂದು ಓದುಗನು ಕುತೂಹಲದಿಂದ ಕೆಳಗಿನ ಬರೆಹಕ್ಕೆ ಇಳಿಯುತ್ತಾನೆ. ಅಲ್ಲಿ ವಿವರಣೆ: ಈ ಕಾರಿನ ಒಳಪೆಟ್ಟಿಗೆಯ ಮೇಲಿನ ಹೊಳಪು ಪಟ್ಟಿಯಲ್ಲಿ ಸಣ್ಣದೊಂದು ಕಲೆಯಿತ್ತು, ನೀವಾಗಿದ್ದರೆ ಕಾಣುತ್ತಿರಲಿಲ್ಲ, ನಮ್ಮ ಪರೀಕ್ಷಕನು ಕಂಡನು, ಕಾರು ಹಡಗನ್ನು ಏರಲಿಲ್ಲ. ವೂಲ್ಫ್ಸ್‌ಬುರ್ಗ್ ಕಾರ್ಖಾನೆಯಲ್ಲಿ ಬರಿಯ ಪರೀಕ್ಷೆಗೆಂದೇ 3,389 ಜನರಿದ್ದಾರೆಂದೂ ದಿನಕ್ಕೆ ತಯಾರಾಗುವ ಕಾರುಗಳಿಗಿಂತ ಪರೀಕ್ಷಕರ ಸಂಖ್ಯೆಯೇ ಹೆಚ್ಚೆಂದೂ ಅಲ್ಲಿ ತಿಳಿಸಿದ್ದರು. ಮೇಲ್ನೋಟಕ್ಕೆ ನಿಂದೆ, ಪರ್ಯವಸಾನದಲ್ಲಿ ಸ್ತುತಿ. ವ್ಯಾಜಸ್ತುತಿಯ ಲಕ್ಷಣವು ಇದಕ್ಕಿಂತ ಸ್ಫುಟವಾಗಿ ಅನ್ವಯಿಸುವ ಉದಾಹರಣೆಯನ್ನು ಹೊಸ ಕಾಲದಲ್ಲಿ ಹುಡುಕುವುದು ಕಷ್ಟ. 1962ರಲ್ಲಿ ಏವಿಸ್ ಎಂಬ ಬಾಡಿಗೆ ಕಾರಿನ ಕಂಪನಿ ಇದೇ ಸಂಸ್ಥೆಯ ಮೂಲಕ, ‘ನಾವು ಎರಡನೆಯವರು, ಆದುದರಿಂದಲೇ ಹೆಚ್ಚು ಶ್ರಮಿಸುತ್ತೇವೆ’ ಎಂಬರ್ಥದ ಮಾತನ್ನು ಸಾರಿದುದೂ ಇದೇ ಜಾತಿಯದು.

ಶ್ಲೇಷೆಗೆ ಬೇಕಾದರೆ ಗುಜರಾತಿನ ಆನಂದಕ್ಕೆ ಹೋಗಬೇಕು. ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘ 1946ರಲ್ಲಿ ಸ್ಥಾಪಿತವಾಯಿತು. ಅದರ ಬೆಣ್ಣೆಗೆ ಅಮುಲ್ ಎಂದು ಹೆಸರು. 1966ರಲ್ಲಿ ಪ್ರಚಾರದ ಕೆಲಸ ಮುಂಬಯಿಯ ಸಿಲ್ವೆಸ್ಟರ್ ಡಾಕುನ್ಹಾ ಅವರ ಪಾಲಿಗೆ ಬಂದಿತು. ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಚುಕ್ಕಿಯ ಲಂಗ ತೊಟ್ಟ, ನೀಲಿಗೂದಲಿನ ತುಂಟ ಹುಡುಗಿಯೊಬ್ಬಳನ್ನು ಬರೆದರು. ಆಕೆ ಮೊದಮೊದಲು ಕುದುರೆ ಜೂಜಿನ ಕಾಲದಲ್ಲಿ ಕುದುರೆಯೇರಿ ಕಾಣಿಸಿಕೊಂಡಳು. ಶುದ್ಧತಳಿಯ ಕುದುರೆಗೆ ಇಂಗ್ಲಿಷಿನಲ್ಲಿ ಥರೋಬ್ರೆಡ್ ಎನ್ನುತ್ತಾರೆ. ಒಂದಕ್ಷರ ಸೇರಿಸಿ ಬರೆದರೆ ಅದೇ ಉಚ್ಚಾರಣೆಯಲ್ಲಿ ತಿನ್ನುವ ಬ್ರೆಡ್ಡಾಗುತ್ತದೆ. ಮುಷ್ಕರಗಳ ಕಾಲದ ಕಲ್ಕತ್ತೆಯಲ್ಲಿ, ಬೆಣ್ಣೆಯಿಲ್ಲದ ಬ್ರೆಡ್ಡು ‘ಚೋಲ್ಬೇ ನಾ’, ಎಂದರೆ ನಡೆಯದು, ಎಂಬ ಬಂಗಾಳಿ ಘೋಷಣೆಯನ್ನೇ ಇಂಗ್ಲಿಷಿಗೆ ಬೆರೆಸಿದರು. ನಮ್ಮ ಹಿಂದಿನವರು ಮಣಿಪ್ರವಾಳವೆಂದುದು ಇದನ್ನೇ. ದೇಶದಲ್ಲಿ ನಡೆದುದು ಕೆಲವೇ ದಿನಗಳಲ್ಲಿ ಹುಡುಗಿಯ ಫಲಕಕ್ಕೆ ಏರುವುದು ಪದ್ಧತಿಯಾಯಿತು. ಇದು ಸಾಧ್ಯವಾದುದಕ್ಕೆ ಕಾರಣ ಸಂಘದ ವರ್ಗೀಸ್ ಕುರಿಯನ್ನರು. ಪ್ರತಿಯೊಂದು ಫಲಕಕ್ಕೂ ಮೊದಲು ತಮ್ಮ ಒಪ್ಪಿಗೆ ಬೇಕೆಂದು ಅವರು ಹೇಳಲಿಲ್ಲ. ಒಪ್ಪಿಗೆಗಾಗಿ ಕಡತ ಆನಂದಕ್ಕೆ ಹೋಗಿ ಬರುವಷ್ಟರಲ್ಲಿ ವಿನೋದ ಹಳಸುವುದೆಂದು ತಿಳಿದ ಆಡಳಿತಗಾರರು ವಿರಳ. ಸಂಸ್ಥೆಗಳನ್ನು ನಡೆಸುವವರು ಈ ಸಂಗತಿಯನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

ಅಸಾಂಪ್ರದಾಯಿಕತೆ ಎಲ್ಲಿಗೆ ಬಂದು ನಿಲ್ಲಬೇಕೆಂಬ ಪ್ರಶ್ನೆಯನ್ನು 2013ರ ಪ್ರಯಾಗದ ಕುಂಭಮೇಳ ಎಬ್ಬಿಸಿತು. ಲೈಫ್‌ಬಾಯ್ ಸಾಬೂನಿನವರು ಅಲ್ಲಿನ ಊಟದಂಗಡಿಗಳಲ್ಲಿ ಕಾದ ಅಚ್ಚಿನಿಂದ ರೊಟ್ಟಿಯ ಮೇಲೆಯೇ, ಲೈಫ್‌ಬಾಯ್ ಹಚ್ಚಿ ಕೈ ತೊಳೆದಿರಾ ಎಂಬ ಹಿಂದೀ ಪ್ರಶ್ನೆಯನ್ನು ಒತ್ತಿಸಿದರು. ಸುಮಾರು 25 ಲಕ್ಷ ರೊಟ್ಟಿಗಳು ಈ ರೀತಿ ಮಾತನಾಡಿದುವು. ಬ್ರಾಂಡ್ ಶಬ್ದದ ಮೂಲಾರ್ಥವೇ ಮರಳಿ ಬಂದಿತಲ್ಲವೆ! ಕೈ ತೊಳೆಯುವ ಕ್ಷಣದಲ್ಲಿಯೇ ಕೈ ತೊಳೆಯುವ ಮಾತು; ಕಾಲೌಚಿತ್ಯ ನಿರ್ದುಷ್ಟ. ಹಿತವೂ ನಿಜವಾದುದೇ. ಆದರೆ ಅಂಗಡಿಯಲ್ಲಿ ಹಣ ಕೊಟ್ಟು ಉಣ್ಣುವ ರೊಟ್ಟಿ ಒಂದು, ಮಠದ ದಾಸೋಹದಲ್ಲಿ ಪ್ರಸಾದವೆಂದು ಎಡೆಗೆ ಬರುವ ರೊಟ್ಟಿ ಮತ್ತೊಂದು. ಎರಡನೆಯದರ ಮೇಲೆ ಯಾವ ವ್ಯಾಪಾರಿಯ ಮುದ್ರೆಯೂ ಬೀಳಬಾರದು. ಸ್ಥಳೌಚಿತ್ಯವೆಂಬುದು ಅದು.

ಅತಿಶಯೋಕ್ತಿಯೂ ಸುಳ್ಳೂ ಒಂದೇ ಎಂದು ಜಾಹೀರಾತನ್ನು ದ್ವೇಷಿಸುವವರು ಹೇಳುತ್ತಾರೆ, ಅದು ಸರಿಯಲ್ಲ. ನಾಯಿಕೆಯ ನಡು ಇಲ್ಲವೇ ಇಲ್ಲವೆಂದು ಕವಿ ಬಣ್ಣಿಸಿದರೆ ಯಾರೂ ಮೋಸಹೋಗುವುದಿಲ್ಲ. ಹೇಳುವವನಿಗೂ ಕೇಳುವವನಿಗೂ ಅದು ಅಲಂಕಾರವೆಂದು ಗೊತ್ತು. ಈ ಚೂರ್ಣದಿಂದ ಮಧುಮೇಹ ಬುಡಸಹಿತ ಹೋಗುವುದೆಂದರೆ ಕೇಳುವ ರೋಗಿ ನಂಬುತ್ತಾನೆ, ವೈದ್ಯರ ಔಷಧವನ್ನು ಬಿಡುತ್ತಾನೆ. ಹೇಳುವವನಿಗೆ ಮಾತ್ರ ಗೊತ್ತಿದ್ದು ಕೇಳುವವನಿಗೆ ಗೊತ್ತಿಲ್ಲದ ಉತ್ಪ್ರೇಕ್ಷೆ ಅಲಂಕಾರವಲ್ಲ, ವಂಚನೆ. ಇದಕ್ಕೆಂದೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ 1954ರಲ್ಲಿಯೇ ಬಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನಃ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸರಕನ್ನು ಹೊಗಳಿ ಮುಖ ತೋರಿಸಿದ ಪ್ರಸಿದ್ಧರೂ ಇದಕ್ಕೆ ಹೊರತಲ್ಲ.

ಉಕ್ತಿ ಎಷ್ಟೇ ಸುಂದರವಾಗಿದ್ದರೂ ನಡೆ ಅದನ್ನು ಹಿಂಬಾಲಿಸದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮುಚ್ಚುಪಟ್ಟಿಯ ಮೇಲಿನ ಕಲೆಯನ್ನೂ ಮರೆಸದೆ ಹೇಳಿ ಮನ್ನಣೆ ಪಡೆದ ಅದೇ ಫೋಕ್ಸ್‌ವ್ಯಾಗನ್, ಡೀಸೆಲ್ ಕಾರುಗಳ ಹೊಗೆಯ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಅಡಗಿಸಿಟ್ಟಿತ್ತೆಂದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಬಯಲಿಗೆಳೆಯಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷವೆಂದು ಕಂಪನಿಯೇ ಒಪ್ಪಿಕೊಂಡಿತು. ಐವತ್ತೈದು ವರ್ಷಗಳ ಹಿಂದಿನ ನಿಂಬೆಹಣ್ಣಿನ ಚಿತ್ರವನ್ನು ಆಗ ಎಷ್ಟು ಜನ ವ್ಯಂಗ್ಯವಾಗಿ ನೆನೆದರೋ.

ಕನ್ನಡದ ಜಾಹೀರಾತಿನ ಸ್ಥಿತಿ ಇನ್ನೂ ಬೇರೆ. ಅದರ ದೋಷ ಸುಳ್ಳಲ್ಲ, ಎರವಲು. ಮುಂಬಯಿ ದೆಹಲಿಗಳಲ್ಲಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಹುಟ್ಟಿದುದನ್ನು ಪದಕ್ಕೆ ಪದವಿಟ್ಟು ಇಳಿಸುವುದರಿಂದ, ‘ನೀಡಿ ನಿಮ್ಮ ತ್ವಚೆಗೆ ಒಂದು ಹೊಸ ಹೊಳಪು’ ಎಂಬಂತಹ, ಕ್ರಿಯಾಪದ ತಲೆಕೆಳಗಾಗಿ ನಿಂತ ವಾಕ್ಯಗಳು ಗೋಡೆಗೋಡೆಯ ಮೇಲೂ ಕಾಣುತ್ತವೆ. ಶ್ಲೇಷೆಯಂತೂ ಭಾಷಾಂತರದಲ್ಲಿ ಬದುಕುವುದೇ ಇಲ್ಲ. ಅರಿಸಮಾಸಕ್ಕೆ ಮುಖ ಸಿಂಡರಿಸುತ್ತಿದ್ದ ಕೇಶಿರಾಜನು ಇವನ್ನು ನೋಡದೆ ಹೋದುದೇ ಅವನ ಪುಣ್ಯ. ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವನು, ಬಳೆಯ ಮಲಾರ ಹೊತ್ತವನು, ಒಂದು ಅಕ್ಷರವನ್ನೂ ಕಲಿಯದೆ ಪ್ರಾಸವಿಟ್ಟು ಕರೆಯುತ್ತಾನೆ. ಆ ಕರೆಯಲ್ಲಿ ಕನ್ನಡವಿದೆ. ಲಕ್ಷಾಂತರ ರೂಪಾಯಿ ಸುರಿದ ಫಲಕದಲ್ಲಿ ಇಲ್ಲ. ಶಾಲೆಯಿಂದ ಹೊರಟು ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳಲ್ಲಿ ಮಳಿಗೆ ಗಿರಣಿಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಮುಂದಿನ ಸಲ ಫಲಕ ಬರೆಸುವಾಗ, ಭಾಷಾಂತರಕಾರನ ಬದಲು ಕನ್ನಡದಲ್ಲಿಯೇ ಯೋಚಿಸಬಲ್ಲ ಹುಡುಗನೊಬ್ಬನನ್ನು ಅವರು ಕರೆದು ಕೇಳಬಹುದು. ಅಂಥ ಹುಡುಗರು ಪ್ರತಿವರ್ಷವೂ ಇಲ್ಲಿಂದ ಹೊರಬೀಳುತ್ತಾರೆ, ಕೆಲಸವಿಲ್ಲದೆ ಅಲೆಯುತ್ತಾರೆ.

ಪ್ರೌಢಶಾಲೆಯ ಅಲಂಕಾರದ ಪಾಠಕ್ಕೂ ಇದರಿಂದ ಪ್ರಯೋಜನವುಂಟು. ಹುಡುಗರು ಮನೆಯಿಂದ ಒಂದೊಂದು ಜಾಹೀರಾತನ್ನು ಕತ್ತರಿಸಿ ತಂದರೆ, ಇಲ್ಲಿಯವರೆಗೆ ರೂಪಕ, ಇಲ್ಲಿಂದ ಅತಿಶಯೋಕ್ತಿ, ಇದೋ ಈ ಸಾಲಿನಿಂದ ಸುಳ್ಳು ಎಂದು ಕೆಂಪು ಮಸಿಯಲ್ಲಿ ಗೆರೆಯೆಳೆದು ತೋರಿಸಬಹುದು. ಕತ್ತರಿಸುವುದಕ್ಕೆ ಮೊದಲು ಮನೆಯ ಹಿರಿಯರು ಪತ್ರಿಕೆಯನ್ನು ಓದಿ ಮುಗಿಸಿರಬೇಕು, ಅಷ್ಟೆ.