ಗೋರ್ಟಾದ ವಾಡೆ

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿದ ಪ್ರಯಾಣಿಕನು ಬಸವಕಲ್ಯಾಣದ ಕೋಟೆಯನ್ನು ನೋಡದೆ ಮುಂದೆ ಸಾಗುವುದು ಅಪರೂಪ. ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕರ್ಮಭೂಮಿ ಎಂದು ಅವನು ಅಲ್ಲಿ ಕೈಮುಗಿಯುತ್ತಾನೆ. ಅದು ಸಹಜವೂ ಹೌದು. ಆದರೆ ಹನ್ನೆರಡನೆಯ ಶತಮಾನದ ಆ ಬೆಳಕು ಎಷ್ಟು ಪ್ರಖರವೆಂದರೆ, ಅದರೆದುರು ಇಪ್ಪತ್ತನೆಯ ಶತಮಾನದ ಕಲ್ಯಾಣ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆಗ ಈ ಊರಿನ ಹೆಸರು ಕಲ್ಯಾಣಿ. ಅದು ನವಾಬರೊಬ್ಬರ ಜಾಗೀರು.

ಹೈದರಾಬಾದು ಸಂಸ್ಥಾನದ ಭೂಮಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂಥ ಜಾಗೀರುಗಳಿಗೆ ಸೇರಿತ್ತು. ಹತ್ತರಲ್ಲೊಂದು ಪಾಲು ‘ಸರ್ಫ್-ಎ-ಖಾಸ್’ ಎಂಬ ಹೆಸರಿನಲ್ಲಿ ನಿಜಾಮರ ಸ್ವಂತದ ಆಸ್ತಿಯಾಗಿತ್ತು. ಉಳಿದುದು ಮಾತ್ರ ಸರ್ಕಾರದ ನೇರ ಆಡಳಿತಕ್ಕೆ ಒಳಪಟ್ಟಿದ್ದಿತು. ದೊಡ್ಡ ಜಾಗೀರುದಾರನಿಗೆ ತನ್ನದೇ ಪೊಲೀಸು, ತನ್ನದೇ ನ್ಯಾಯಸ್ಥಾನ, ತನ್ನದೇ ಕಂದಾಯ. ರೈತನು ಅವನಿಗೆ ತೆರಿಗೆ ತೆತ್ತು, ಊರ ಪಾಟೀಲ ಕುಲಕರ್ಣಿಗಳಿಗೆ ಮಾಮೂಲು ಕೊಟ್ಟು, ಮೇಲಧಿಕಾರಿಯ ಸವಾರಿ ಬಂದಾಗ ಗಾಡಿ ಎತ್ತುಗಳನ್ನು ಬಿಟ್ಟಿಯಾಗಿ ಒದಗಿಸಬೇಕಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಲೆವಿಯೂ ಬಂದು ಕಣದ ಜೋಳಕ್ಕೆ ಕೈಯಿಟ್ಟಿತು. ಇವೆಲ್ಲದರ ಮೇಲೆ ಬ್ರಿಟಿಷ್ ರೆಸಿಡೆಂಟನ ನೆರಳು. ಪ್ರಜೆಗಳು ಸಿಡಿದೆದ್ದರೂ ನಿಜಾಮರ ಗದ್ದಿಗೆ ಅಲುಗದೆಂಬ ಭರವಸೆಯನ್ನು ಆ ನೆರಳೇ ಕೊಟ್ಟಿತ್ತು. ಕಲ್ಯಾಣಿಯ ನವಾಬರ ಹೆಸರು ಇಂದು ಹೈದರಾಬಾದಿನ ಗಲ್ಲಿಗಳಲ್ಲಿ ‘ಕಲ್ಯಾಣಿ ಬಿರಿಯಾನಿ’ಯ ರೂಪದಲ್ಲಿ ಉಳಿದಿದೆ. ಇತಿಹಾಸಕ್ಕೆ ಹೀಗೂ ಒಂದು ರುಚಿಯುಂಟು.

ಸಂಸ್ಥಾನದ ಪೂರ್ವ ಭಾಗವಾದ ತೆಲಂಗಾಣದಲ್ಲಿ 1946ರಿಂದಲೇ ರೈತರು ದೇಶಮುಖರ ವಿರುದ್ಧ ಆಯುಧ ಹಿಡಿದಿದ್ದರು. ಬೀದರ ಜಿಲ್ಲೆಯಲ್ಲಿ ಅಂಥ ಸಂಘಟನೆ ಬೆಳೆಯಲಿಲ್ಲ. ಇಲ್ಲಿನ ಪ್ರತಿಭಟನೆ ಬೇರೆ ಹಾದಿಗಳನ್ನು ಹಿಡಿಯಿತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸ್ವಾಮಿ ರಾಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ಸಿನ ಕರೆಗೆ ಓಗೊಟ್ಟು ತರುಣರು ತ್ರಿವರ್ಣ ಧ್ವಜವೇರಿಸಿ ಸೆರೆಮನೆ ಸೇರಿದರು. ಭಾರತ ಸ್ವತಂತ್ರವಾದರೂ ನಿಜಾಮರು ಒಕ್ಕೂಟಕ್ಕೆ ಸೇರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗೂ ಇಳಿದರು.

1948ರ ಮೇ ತಿಂಗಳಿನಲ್ಲಿ ಅವರು ಕಲ್ಯಾಣಿ ಸೀಮೆಯ ಗೋರ್ಟಾ ಗ್ರಾಮದ ಮೇಲೆ ಬಿದ್ದರು. ತಮ್ಮವನೊಬ್ಬನ ಕೊಲೆಗೆ ಸೇಡು ತೀರಿಸಲು ಬಂದರೆಂದು ಊರವರು ಹೇಳುತ್ತ ಬಂದಿದ್ದಾರೆ. ಮನೆಗಳಿಗೆ ಬೆಂಕಿ ಬಿತ್ತು. ಸಿಕ್ಕವರನ್ನು ಸಿಕ್ಕಲ್ಲಿ ಕೊಂದರು. ಸತ್ತವರ ಸಂಖ್ಯೆ ಇನ್ನೂರರಷ್ಟೆಂಬುದು ರೂಢಿಯ ಲೆಕ್ಕ. ಅಷ್ಟಕ್ಕೇ ನಿಂತಿತೆಂದರೆ ಅದಕ್ಕೆ ಕಾರಣ ಊರಿನ ಸಾಹುಕಾರರ ಒಂದು ವಾಡೆ. ದಪ್ಪ ಗೋಡೆಗಳ ಆ ಮನೆಯೊಳಗೆ ನೂರಾರು ಜನ ಹೊಕ್ಕು ಕದವಿಕ್ಕಿಕೊಂಡು ಜೀವ ಉಳಿಸಿಕೊಂಡರು. ಉಳಿದವರಲ್ಲಿ ಅನೇಕರು ಗಡಿ ದಾಟಿ ಸೊಲ್ಲಾಪುರದ ಕಡೆಗೆ ನಡೆದರು.

ಈ ವಾಡೆಯ ಮುಂದೆ ತುಸು ನಿಲ್ಲಬೇಕು. ಸಿರಿವಂತನ ಗೋಡೆ ಬಡವನನ್ನು ಕಾಯ್ದಿತು ಎಂದಾಗ, ಉಳ್ಳವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಎಂಬ ಪುಸ್ತಕದ ಗೆರೆ ಅಳಿಸಿಹೋಗುತ್ತದೆ. ಹಾಗೆಂದು ಇದು ಕೇವಲ ಎರಡು ಧರ್ಮಗಳ ಜಗಳವೆನ್ನುವುದೂ ಸಲ್ಲದು. ರಜಾಕಾರರ ಸಾಲುಗಳಲ್ಲಿ ಹೊಲಮನೆಯಿಲ್ಲದ ಬಡ ಮುಸಲ್ಮಾನರೂ ಇದ್ದರು. ನವಾಬನ ವೈಭವದಲ್ಲಿ ಅವರಿಗೆ ದಕ್ಕಿದುದು ತಮ್ಮವರ ರಾಜ್ಯವೆಂಬ ಹೆಮ್ಮೆಯೊಂದೇ. ಇನ್ನು ದಲಿತರ ಮುಖಂಡರಲ್ಲಿ ಕೆಲವರು ನಿಜಾಮರ ಪಕ್ಷವನ್ನೇ ಹಿಡಿದಿದ್ದರು. ಬಿ. ಎಸ್. ವೆಂಕಟರಾಯರು ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿದ್ದರು. ಶ್ಯಾಮಸುಂದರರು ಸಂಸ್ಥಾನದ ನಿಯೋಗದೊಡನೆ ವಿಶ್ವಸಂಸ್ಥೆಗೆ ಹೋದರು. ಇದನ್ನು ದ್ರೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಊರ ಪಾಟೀಲನ ಅಂಗಳದಲ್ಲಿ ತಲೆತಲಾಂತರ ಬಿಟ್ಟಿ ದುಡಿದವನಿಗೆ, ಪಾಟೀಲನೇ ಎತ್ತಿದ ಬಾವುಟದ ಕೆಳಗೆ ತನಗೇನು ದೊರೆಯುವುದೆಂದು ಕೇಳುವ ಹಕ್ಕಿತ್ತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. 17ರಂದು ನಿಜಾಮರು ಶರಣಾದರು. ಬಳಿಕ ನಡೆದುದನ್ನು ನಮ್ಮ ಮನೆಗಳಲ್ಲಿ ತಗ್ಗಿದ ದನಿಯಲ್ಲಿ ಹೇಳುವುದೇ ರೂಢಿ. ಭಾರತ ಸರ್ಕಾರವೇ ಕಳುಹಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ, ಸೇನಾ ಕಾರ್ಯಾಚರಣೆಯ ವೇಳೆಯಲ್ಲೂ ಅನಂತರವೂ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದು, ಗುಲಬರ್ಗಾ, ನಾಂದೇಡಗಳ ಜೊತೆಗೆ ಬೀದರವೂ ಒಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅರಮನೆಯ ನವಾಬರು ಸುರಕ್ಷಿತವಾಗಿ ಹೈದರಾಬಾದಿನಲ್ಲಿದ್ದರು. ಪೆಟ್ಟು ತಿಂದವರು ಹಳ್ಳಿಯ ನೇಕಾರ, ಕೂಲಿಕಾರ, ಸಣ್ಣ ನೌಕರರಂಥ ಜನ. ಗೋರ್ಟಾದ ಸತ್ತವರಿಗೆ ಕಣ್ಣೀರಿಡುವವರು ಈ ಸತ್ತವರನ್ನೂ ಎಣಿಸದಿದ್ದರೆ ಲೆಕ್ಕ ಪೂರ್ತಿಯಾಗದು.

1949ರಲ್ಲಿ ಜಾಗೀರುಗಳು ರದ್ದಾದವು. ಜಾಗೀರುದಾರರು ಕಳೆದುಕೊಂಡ ಆದಾಯಕ್ಕೆ ಪರಿಹಾರಧನದ ಲೆಕ್ಕ ಹಾಕಿಕೊಡಲು ಮರುವರ್ಷವೇ ನಿಬಂಧನೆ ಬಂದಿತು. ಬಿಟ್ಟಿ ದುಡಿದ ದಿನಗಳಿಗೆ ಯಾರೂ ಲೆಕ್ಕ ಹಾಕಲಿಲ್ಲ. 1950ರ ಗೇಣಿ ಕಾಯಿದೆ ಉಳುವ ಗೇಣಿದಾರನಿಗೆ ರಕ್ಷಣೆಯನ್ನಿತ್ತಿತು. ಗೇಣಿಯ ಹೊಲವೂ ಇಲ್ಲದ ಕೂಲಿಯವನು ಆ ಕಾಯಿದೆಯ ಆಚೆಗೇ ಉಳಿದನು.

1956ರಲ್ಲಿ ಬೀದರ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು, ಕಲ್ಯಾಣಿ ಬಸವಕಲ್ಯಾಣವಾಯಿತು. ಗೋರ್ಟಾದಲ್ಲಿ 2023ರಲ್ಲಿ ಹುತಾತ್ಮರ ಸ್ಮಾರಕವೊಂದು ಉದ್ಘಾಟನೆಗೊಂಡು, ಅದರ ಮೇಲೆ 103 ಅಡಿ ಎತ್ತರದ ಕಂಬದಲ್ಲಿ ಧ್ವಜವೇರಿತು. ಇತ್ತ, ನಿಜಾಮರ ಪರವಾಗಿ ವಿಶ್ವಸಂಸ್ಥೆಯವರೆಗೆ ಹೋಗಿಬಂದಿದ್ದ ಶ್ಯಾಮಸುಂದರರು 1968ರಲ್ಲಿ ನೆರೆಯ ಗುಲಬರ್ಗೆಯಲ್ಲಿ ‘ಭೀಮಸೇನೆ’ಯನ್ನು ಕಟ್ಟಿದರು. ಅಷ್ಟು ಹೊತ್ತಿಗೆ ನಿಜಾಮರೂ ಇರಲಿಲ್ಲ, ಜಾಗೀರೂ ಇರಲಿಲ್ಲ; ಅವರ ಜನ ಮಾತ್ರ ಇನ್ನೂ ಅನ್ಯರ ಹೊಲದಲ್ಲಿಯೇ ದುಡಿಯುತ್ತಿದ್ದರು.